ಸಾಕ್ಷಿಯ ಮಾತು ಕಡತವಾಗುವ ಜಾಗ: ನಮ್ಮ ವಿಚಾರಣಾ ನ್ಯಾಯಾಲಯಗಳ ಕೆಲಸ



ನ್ಯಾಯಾಂಗದ ಬಗ್ಗೆ ಉಪನ್ಯಾಸ ಎಂದರೆ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪುಗಳ ಸುತ್ತ ಮಾತಾಡುವುದು ರೂಢಿ. ಇವತ್ತು ನಾನು ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳನ್ನು ಆರಿಸಿಕೊಂಡಿದ್ದೇನೆ. ಅಲ್ಲಿ ವಕೀಲಿ ಮಾಡಿಕೊಂಡು ಬಂದವನು ನಾನು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ನಾಡಿನ ಬಹುಪಾಲು ಕಕ್ಷಿದಾರರಿಗೆ ಆ ನ್ಯಾಯಾಲಯ ಹೇಳಿದ ಮಾತೇ ಕೊನೆಯ ಮಾತು. ಮೇಲ್ಮನವಿ ಹೂಡಲು ದುಡ್ಡಿಲ್ಲದವರ ವಿಷಯದಲ್ಲಿ ಇದು ಸರಿ ಎಂದು ಯಾರಾದರೂ ಒಪ್ಪುತ್ತಾರೆ. ದುಡ್ಡಿದ್ದವರ ವಿಷಯದಲ್ಲೂ ಇದು ಸರಿ ಎಂಬುದು ನನ್ನ ವಾದ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿಗೆ 1976ರಲ್ಲಿ ತಿದ್ದುಪಡಿಯಾಯಿತು. ಅಂದಿನಿಂದ ಹೈಕೋರ್ಟಿಗೆ ಎರಡನೇ ಮೇಲ್ಮನವಿ ಹೋಗಬೇಕಾದರೆ ಅದರಲ್ಲಿ ಕಾನೂನಿಗೆ ಸಂಬಂಧಿಸಿದ ಗಣನೀಯ ಪ್ರಶ್ನೆಯೊಂದು ಇರಲೇಬೇಕು. ಬಾಂದುಕಲ್ಲು ಎಲ್ಲಿತ್ತು, ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಅಜ್ಜಿಗೆ ಅದನ್ನು ಯಾರಾದರೂ ಓದಿ ಹೇಳಿದ್ದರೇ, ಅಣ್ಣ ತಮ್ಮಂದಿರು ಬೇರೆಯಾದದ್ದು ಯಾವ ವರ್ಷ, ಹೊಲ ಉಳುತ್ತಿದ್ದವರು ಯಾರು? ಇವೆಲ್ಲ ವಾಸ್ತವಾಂಶಗಳು. ಇವುಗಳ ಮೇಲೆ ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರು ಒಂದು ಅಭಿಪ್ರಾಯಕ್ಕೆ ಬಂದು, ಮೊದಲ ಮೇಲ್ಮನವಿಯಲ್ಲಿ ಅದು ಖಾಯಂ ಆದರೆ ಹೈಕೋರ್ಟು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಸಾಕ್ಷ್ಯವೇ ಇಲ್ಲದೆ ಬರೆದಿದ್ದರೆ, ಇದ್ದ ಸಾಕ್ಷ್ಯವನ್ನು ನೋಡದೆಯೇ ಬಿಟ್ಟಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಕ್ರಿಮಿನಲ್ ಕಡೆಯೂ ಹೀಗೆಯೇ. ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟರೆ ಅಪೀಲು ಸೆಷನ್ಸ್ ನ್ಯಾಯಾಲಯಕ್ಕೆ. ಅಲ್ಲಿಂದ ಮುಂದೆ ಹೈಕೋರ್ಟಿನಲ್ಲಿ ಉಳಿಯುವುದು ರಿವಿಜನ್ನಿನ ಕಿರಿದಾದ ದಾರಿ. ಬದುವಿನ ಜಗಳ ದಿಲ್ಲಿಯವರೆಗೂ ಹೋಯಿತು ಎಂದು ಊರಲ್ಲಿ ಹೇಳುತ್ತೇವಲ್ಲ, ಹಾಗೆ ದಿಲ್ಲಿಗೆ ಹೋಗುವುದು ಇಲ್ಲಿ ಕಟ್ಟಿದ ಕಡತ. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಅಲ್ಲಿ ಯಾರೂ ಹೊಸದಾಗಿ ಕೇಳಿಸಿಕೊಳ್ಳುವುದಿಲ್ಲ.

ವ್ಯವಸ್ಥೆಯ ಚೌಕಟ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. ಸಂವಿಧಾನದ 233ರಿಂದ 237ರವರೆಗಿನ ವಿಧಿಗಳು ಈ ನ್ಯಾಯಾಲಯಗಳಿಗೆ ಸಂಬಂಧಿಸಿದವು. ಜಿಲ್ಲಾ ನ್ಯಾಯಾಧೀಶರ ನೇಮಕವನ್ನು ರಾಜ್ಯಪಾಲರು ಹೈಕೋರ್ಟಿನ ಸಮಾಲೋಚನೆಯೊಂದಿಗೆ ಮಾಡುತ್ತಾರೆ. 235ನೇ ವಿಧಿಯಂತೆ ಇಡೀ ಅಧೀನ ನ್ಯಾಯಾಂಗದ ಮೇಲಿನ ನಿಯಂತ್ರಣ ಹೈಕೋರ್ಟಿನದು. ವರ್ಗಾವಣೆ, ಬಡ್ತಿ, ಶಿಸ್ತುಕ್ರಮ ಎಲ್ಲವೂ ಅಲ್ಲಿಂದ. ಆದರೆ ಕಟ್ಟಡ, ಸಿಬ್ಬಂದಿ, ಸಂಬಳದ ಹಣ ಬರುವುದು ರಾಜ್ಯ ಸರ್ಕಾರದ ಬಜೆಟ್ಟಿನಿಂದ. ಕೆಲಸ ಕೇಳುವವರು ಒಬ್ಬರು, ಕೆಲಸಕ್ಕೆ ಬೇಕಾದದ್ದನ್ನು ಒದಗಿಸುವವರು ಇನ್ನೊಬ್ಬರು. ಮುಂದೆ ಹೇಳಲಿರುವ ಹಲವು ತೊಂದರೆಗಳ ಬೇರು ಇಲ್ಲಿದೆ. ಸಿವಿಲ್ ಕಡೆ ಸಿವಿಲ್ ನ್ಯಾಯಾಧೀಶ, ಹಿರಿಯ ಸಿವಿಲ್ ನ್ಯಾಯಾಧೀಶ, ಜಿಲ್ಲಾ ನ್ಯಾಯಾಧೀಶ ಎಂದು ಮೂರು ಮೆಟ್ಟಿಲು. ಮೊದಲನೆಯದನ್ನು ಹಳಬರು ಇನ್ನೂ ಮುನ್ಸೀಫ್ ಕೋರ್ಟ್ ಎನ್ನುತ್ತಾರೆ. ಅದೇ ಅಧಿಕಾರಿಗಳೇ ಕ್ರಿಮಿನಲ್ ಕಡೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಾಗಿ, ಜಿಲ್ಲಾ ಮಟ್ಟದಲ್ಲಿ ಸೆಷನ್ಸ್ ನ್ಯಾಯಾಧೀಶರಾಗಿ ಕೂರುತ್ತಾರೆ. ಪ್ರಥಮ ದರ್ಜೆಯವರು 3 ವರ್ಷದವರೆಗೆ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು 7 ವರ್ಷದವರೆಗೆ ಶಿಕ್ಷೆ ಕೊಡಬಹುದು. ಸೆಷನ್ಸ್ ನ್ಯಾಯಾಧೀಶರು ಮರಣದಂಡನೆಯನ್ನೂ ವಿಧಿಸಬಹುದು, ಹೈಕೋರ್ಟು ಅದನ್ನು ಸ್ಥಿರೀಕರಿಸಬೇಕು.

ಹಿಂದಿನ ಮೈಸೂರಿನಲ್ಲಿ ಕಂದಾಯ ವಸೂಲಿ ಮಾಡುವ ಅಮಲ್ದಾರರೇ ಮ್ಯಾಜಿಸ್ಟ್ರೇಟರಾಗಿಯೂ ಇದ್ದರು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಆ ಎರಡು ಅಧಿಕಾರಗಳನ್ನು ಬೇರ್ಪಡಿಸಬೇಕೆಂದು ಸಂವಿಧಾನದ 50ನೇ ವಿಧಿ ಹೇಳಿತು. ದೇಶದುದ್ದಕ್ಕೂ ಅದು ಗಟ್ಟಿಯಾದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗ. ನಾವು ಸಹಜವೆಂದುಕೊಂಡಿರುವ ಸ್ವತಂತ್ರ ಮ್ಯಾಜಿಸ್ಟ್ರೇಟರಿಗೆ ಅಷ್ಟು ಚಿಕ್ಕ ವಯಸ್ಸು.

ಈಗ ಸಾಕ್ಷಿಯ ಕಟಕಟೆಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸಾಕ್ಷಿಯ ಹೆಸರನ್ನು ಮೂರು ಸಲ ಕೂಗುತ್ತಾರೆ. ಆಕೆ ಬಂದು ಪ್ರಮಾಣ ಮಾಡುತ್ತಾಳೆ. ಸಿವಿಲ್ ದಾವೆಯಲ್ಲಿ 2002ರ ತಿದ್ದುಪಡಿಯ ನಂತರ ಮುಖ್ಯ ವಿಚಾರಣೆ ಪ್ರಮಾಣಪತ್ರದ ರೂಪದಲ್ಲಿ ಸಲ್ಲಿಕೆಯಾಗುತ್ತದೆ. ಸಮಯ ಉಳಿಸಲು ತಂದ ಬದಲಾವಣೆ ಅದು, ಉಳಿಸಿದೆ ಕೂಡ. ಆದರೆ ಆ ಪ್ರಮಾಣಪತ್ರವನ್ನು ಬರೆದವರು ವಕೀಲರು. ತನ್ನ ಕಥೆಯನ್ನು ತನ್ನ ಮಾತಿನಲ್ಲಿ, ತನ್ನ ಕ್ರಮದಲ್ಲಿ ಹೇಳುವ ಅವಕಾಶ ಆಕೆಗೆ ಸಿಗುವುದೇ ಇಲ್ಲ. ನ್ಯಾಯಾಧೀಶರ ಮುಂದೆ ಆಕೆ ಬಾಯಿ ತೆರೆಯುವುದು ಎದುರು ವಕೀಲರ ಪಾಟೀ ಸವಾಲಿಗೆ. ಅದುವರೆಗೆ ತನ್ನ ಹೆಸರಿನಲ್ಲಿ ಏನೇನು ಬರೆಯಲಾಗಿದೆ ಎಂಬುದೇ ಎಷ್ಟೋ ಜನರಿಗೆ ಪೂರ್ತಿ ಗೊತ್ತಿರುವುದಿಲ್ಲ.

ಪಾಟೀ ಸವಾಲನ್ನು ದಾಖಲಿಸುವ ಕ್ರಮವನ್ನೂ ನೋಡಿ. ಕಾನೂನಿನ ಪ್ರಕಾರ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆಯಬೇಕು. ವಕೀಲರು ಕೇಳುತ್ತಾರೆ: "ನಿಮ್ಮ ಗಂಡ ಬದುಕಿದ್ದಾಗಲೇ ಈ ಜಮೀನು ಭಾಗವಾಗಿತ್ತು, ಅಲ್ವೇನಮ್ಮಾ?" ಆಕೆ ತಲೆಯಾಡಿಸಿ "ಇಲ್ಲ ಸ್ವಾಮಿ" ಎನ್ನುತ್ತಾಳೆ. ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳುತ್ತಾರೆ: ನನ್ನ ಗಂಡ ಬದುಕಿದ್ದಾಗಲೇ ದಾವಾ ಜಮೀನು ಭಾಗವಾಗಿತ್ತು ಎಂದರೆ ಸರಿಯಲ್ಲ. ಪ್ರಶ್ನೆ ಕೇಳಿದವರ ವಾಕ್ಯ ಆಕೆಯ ವಾಕ್ಯವಾಗಿ ಕಡತಕ್ಕೆ ಇಳಿಯುತ್ತದೆ. ಇಂಥ ವಾಕ್ಯಗಳು ಪುಟಗಟ್ಟಲೆ. ಆಕೆ ಉತ್ತರಿಸುವ ಮುನ್ನ ಎಷ್ಟು ಹೊತ್ತು ಸುಮ್ಮನಿದ್ದಳು, ಯಾರ ಮುಖ ನೋಡಿದಳು, ಮೈದುನನ ಹೆಸರು ಬಂದಾಗ ಧ್ವನಿ ಹೇಗೆ ನಡುಗಿತು ಎಂಬುದೊಂದೂ ಆ ಪುಟಗಳಲ್ಲಿಲ್ಲ. "ಅವರು ಇಷ್ಟು ದೂರದಲ್ಲಿ ನಿಂತಿದ್ದರು" ಎಂದು ಆಕೆ ಕೈಚಾಚಿ ತೋರಿಸಿದರೆ, ಅದು ಎಷ್ಟು ಅಡಿ ಎಂದು ನ್ಯಾಯಾಧೀಶರು ಅಲ್ಲೇ ಬರೆಸಬೇಕು. ಬರೆಸದಿದ್ದರೆ ಮೇಲಿನ ನ್ಯಾಯಾಲಯ ಓದುವುದು "ಇಷ್ಟು ದೂರ" ಎಂಬ ಎರಡು ಪದಗಳನ್ನು ಮಾತ್ರ.

ಸಾಕ್ಷಿಯ ನಡವಳಿಕೆಯ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆಯಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ ಹೇಳುತ್ತದೆ. ಈ ಅಧಿಕಾರವನ್ನು ಬಳಸುವುದು ಅಪರೂಪ. ಬಳಸಬೇಕು ಎಂದು ಇಲ್ಲಿರುವ ಕಿರಿಯ ನ್ಯಾಯಾಧೀಶರಲ್ಲಿ ನಾನು ಗೌರವದಿಂದ ಕೇಳಿಕೊಳ್ಳುತ್ತೇನೆ. ಯಾಕೆಂದರೆ ಸಾಕ್ಷಿಯನ್ನು ಕಣ್ಣಾರೆ ಕಂಡವರು ವಿಚಾರಣಾ ನ್ಯಾಯಾಧೀಶರು, ಆದ್ದರಿಂದ ಅವರ ಅಭಿಪ್ರಾಯಕ್ಕೆ ತೂಕ ಕೊಡಬೇಕು ಎಂದು ಮೇಲ್ಮನವಿ ನ್ಯಾಯಾಲಯಗಳು ಬಹಳ ಕಾಲದಿಂದ ಹೇಳುತ್ತ ಬಂದಿವೆ. ಆದರೆ ತೀರ್ಪು ಬರೆದವರು ನಿಜವಾಗಿ ಸಾಕ್ಷಿಯನ್ನು ಕಂಡಿದ್ದರೇ?

ಬೇಸಿಗೆ ರಜೆಯ ಹೊತ್ತಿಗೆ ವರ್ಗಾವಣೆಯ ಪಟ್ಟಿ ಹೊರಡುತ್ತದೆ. ವಾದಿಯ ಸಾಕ್ಷ್ಯ ಕೇಳಿದವರು ಒಬ್ಬರು, ಪ್ರತಿವಾದಿಯ ಸಾಕ್ಷ್ಯ ಕೇಳಿದವರು ಮತ್ತೊಬ್ಬರು, ವಾದ ಆಲಿಸಿ ತೀರ್ಪು ಬರೆದವರು ಮೂರನೆಯವರು ಆಗುವುದು ನಮ್ಮ ಕಡೆ ದಿನನಿತ್ಯದ ಸಂಗತಿ. ಕಾನೂನು ಇದನ್ನು ಒಪ್ಪುತ್ತದೆ. ಹಿಂದಿನವರು ಬರೆದುಕೊಂಡ ಸಾಕ್ಷ್ಯದ ಮೇಲೆ ಮುಂದಿನವರು ನಡೆಯಬಹುದು ಎಂದು 18ನೇ ಆದೇಶದ 15ನೇ ನಿಯಮದಲ್ಲಿದೆ, ಕ್ರಿಮಿನಲ್ ಪ್ರಕ್ರಿಯೆಯಲ್ಲೂ ಅಂಥ ಅವಕಾಶವಿದೆ. ಹಾಗಾದಾಗ ಮೂರನೆಯ ನ್ಯಾಯಾಧೀಶರ ಸ್ಥಿತಿಗೂ ಹೈಕೋರ್ಟಿನ ಸ್ಥಿತಿಗೂ ವ್ಯತ್ಯಾಸ ಉಳಿಯುವುದಿಲ್ಲ. ಇಬ್ಬರ ಮುಂದಿರುವುದೂ ಕಾಗದ. ವರ್ಗಾವಣೆ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಒಬ್ಬರೇ ಒಂದೇ ಊರಲ್ಲಿ ಬೇರುಬಿಟ್ಟರೆ ಬರುವ ಕೇಡನ್ನೂ ಬಲ್ಲೆವು. ಆದರೆ ಒಂದು ಮೊಕದ್ದಮೆಯ ಸಾಕ್ಷ್ಯ ಶುರುವಾದರೆ ದಿನದಿಂದ ದಿನಕ್ಕೆ ನಡೆಸಿ ಒಬ್ಬರೇ ಮುಗಿಸಲಿ. ಕ್ರಿಮಿನಲ್ ಕಾನೂನು ಇದನ್ನು ಬಾಯಿಬಿಟ್ಟೇ ಹೇಳಿದೆ. ಸಿವಿಲ್ ದಾವೆಯಲ್ಲೂ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ವಾಯ್ದೆ ಕೊಡಬಾರದೆಂಬ ನಿಯಮವಿದೆ. ಎರಡೂ ಪುಸ್ತಕದಲ್ಲಿವೆ.

ಇನ್ನು ಭಾಷೆಯ ಮಾತು. ಅಧೀನ ನ್ಯಾಯಾಲಯಗಳ ಭಾಷೆ ಯಾವುದೆಂದು ರಾಜ್ಯ ಸರ್ಕಾರ ನಿರ್ಧರಿಸಬಹುದು, ನಮ್ಮಲ್ಲಿ ಅದು ಕನ್ನಡ. ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷು. ಹಾಗಾಗಿ ಸಾಕ್ಷ್ಯ ಕನ್ನಡದಲ್ಲಿ, ತೀರ್ಪು ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರಿದ್ದಾರೆ, ಅವರ ಸಂಖ್ಯೆ ಹೆಚ್ಚಬೇಕು. ಸೋತವನಿಗೆ ತಾನು ಯಾಕೆ ಸೋತೆ ಎಂಬುದು ಇನ್ನೊಬ್ಬರ ಸಹಾಯವಿಲ್ಲದೆ ತಿಳಿಯುವಂತಿರಬೇಕು. ಹಾಗೆ ತಿಳಿದವರಲ್ಲಿ ಹಲವರು ಮೇಲ್ಮನವಿ ಬೇಡವೆಂದು ಮನೆಗೆ ಹೋಗುತ್ತಾರೆ ಎಂಬುದನ್ನು ನಾನು ಕಂಡಿದ್ದೇನೆ.

ಮ್ಯಾಜಿಸ್ಟ್ರೇಟರ ಇನ್ನೊಂದು ಕೆಲಸ ಹೊರಗಿನವರಿಗೆ ಹೆಚ್ಚು ಕಾಣುವುದಿಲ್ಲ. ಬಂಧಿಸಿದ ಯಾರನ್ನೇ ಆಗಲಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಭಾನುವಾರವಾದರೆ ಅವರ ಮನೆಗೇ ಕರೆತರುತ್ತಾರೆ. ಬಂಧನಕ್ಕೆ ಕಾರಣವಿತ್ತೇ, ಮೈಮೇಲೆ ಗಾಯವಿದೆಯೇ, ವಕೀಲರಿದ್ದಾರೆಯೇ, ಇಲ್ಲವಾದರೆ ಕಾನೂನು ಸೇವಾ ಸಮಿತಿಯಿಂದ ಕೊಡಿಸಬೇಕೇ ಎಂದು ಆ ಕೆಲವು ನಿಮಿಷಗಳಲ್ಲಿ ನೋಡಬೇಕು. ಅಪರಾಧದ ತೀವ್ರತೆಗೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಬಾರದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ದೇಶದ ಒಬ್ಬ ಸಾಮಾನ್ಯ ಪ್ರಜೆಯ ಸ್ವಾತಂತ್ರ್ಯವನ್ನು ಮೊದಲು ಕಾಯುವವರು ಇವರು. ಆದರೂ ನಮ್ಮ ಜೈಲುಗಳಲ್ಲಿ ಇರುವವರ ಪೈಕಿ 100ಕ್ಕೆ 70ಕ್ಕಿಂತ ಹೆಚ್ಚು ಜನ ವಿಚಾರಣಾಧೀನರು. ಕೊಡಬಹುದಾದ ಜಾಮೀನನ್ನು ಕೆಳಗೆ ಕೊಡದೆ, ಆರೋಪಿ ಹೈಕೋರ್ಟಿನವರೆಗೆ ಅಲೆಯುವಂತಾಗುವುದು ಇದಕ್ಕೆ ಒಂದು ಕಾರಣ.

ಯಾಕೆ ಕೊಡುವುದಿಲ್ಲ? ತಿಳಿವಳಿಕೆಯ ಕೊರತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಾಮೀನು ಕೊಟ್ಟ ಆದೇಶದ ಮೇಲೆ ಮೂಗರ್ಜಿ ಹೋಗುತ್ತದೆ, ಕೊಡದ ಆದೇಶದ ಮೇಲೆ ಯಾರೂ ಮೂಗರ್ಜಿ ಬರೆಯುವುದಿಲ್ಲ. ಆದೇಶ ತಪ್ಪಾಗಿತ್ತು ಎಂಬ ಒಂದೇ ಕಾರಣಕ್ಕೆ ನ್ಯಾಯಾಧಿಕಾರಿಯ ಮೇಲೆ ಶಿಸ್ತುಕ್ರಮ ಸಲ್ಲದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ದುರುದ್ದೇಶವಿದ್ದರೆ ಬೇರೆ ಮಾತು. 235ನೇ ವಿಧಿಯ ನಿಯಂತ್ರಣ ಎಂದರೆ ಕಾವಲೂ ಹೌದು ಎಂಬುದನ್ನು ಹೈಕೋರ್ಟುಗಳು ಪ್ರತಿದಿನದ ಆಡಳಿತದಲ್ಲಿ ತೋರಿಸಿದಾಗ ಮಾತ್ರ ದೂರದ ತಾಲ್ಲೂಕಿನ ಮೂವತ್ತರ ಹರೆಯದ ಮ್ಯಾಜಿಸ್ಟ್ರೇಟರ ಕೈ ಗಟ್ಟಿಯಾಗುತ್ತದೆ.

ಸಂಖ್ಯೆಗಳ ಬಗ್ಗೆ ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ 4 ಕೋಟಿಗೂ ಹೆಚ್ಚು ಮೊಕದ್ದಮೆಗಳು ಬಾಕಿ ಇವೆ. 10 ಲಕ್ಷ ಜನಕ್ಕೆ 10.5 ಇದ್ದ ನ್ಯಾಯಾಧೀಶರ ಸಂಖ್ಯೆಯನ್ನು 50ಕ್ಕೆ ಏರಿಸಬೇಕೆಂದು ಕಾನೂನು ಆಯೋಗ 1987ರಲ್ಲಿ ಹೇಳಿತು. ಐದು ವರ್ಷದಲ್ಲಿ ಅಲ್ಲಿಗೆ ಮುಟ್ಟಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ನಿರ್ದೇಶಿಸಿತು. ಮಂಜೂರಾದ ಹುದ್ದೆಗಳನ್ನೆಲ್ಲ ಲೆಕ್ಕ ಹಿಡಿದರೂ ನಾವು ಈಗ ಸುಮಾರು 21ರಲ್ಲಿದ್ದೇವೆ, ಅದರಲ್ಲೂ ಸಾವಿರಾರು ಹುದ್ದೆ ಖಾಲಿ. 2002ರ ಆ ತೀರ್ಪು ಬಂದದ್ದು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ವರದಿಯನ್ನು ಪರಿಶೀಲಿಸುವಾಗ. ವಿಚಾರಣಾ ನ್ಯಾಯಾಧೀಶರ ಸಂಬಳ, ಮನೆ, ಸೇವಾ ಷರತ್ತುಗಳನ್ನು ದೇಶಕ್ಕೆಲ್ಲ ಒಂದೇ ಕಣ್ಣಿನಿಂದ ಮೊದಲು ನೋಡಿದ್ದು ಆ ಆಯೋಗ. ಅದರ ಋಣ ಇಂದಿನ ಪ್ರತಿಯೊಬ್ಬ ನ್ಯಾಯಾಧಿಕಾರಿಯ ಮೇಲಿದೆ.

ಇಷ್ಟು ಹೊರೆಯ ನಡುವೆ ನ್ಯಾಯಾಧೀಶರ ಕೆಲಸವನ್ನು ಯೂನಿಟ್ಟುಗಳಲ್ಲಿ ಅಳೆಯುತ್ತಾರೆ. ಇಂಥ ಮೊಕದ್ದಮೆ ಮುಗಿಸಿದರೆ ಇಷ್ಟು ಯೂನಿಟ್ಟು ಎಂದು ತಿಂಗಳ ಲೆಕ್ಕ. ಏನೂ ಅಳತೆ ಇಲ್ಲದಿರುವುದಕ್ಕಿಂತ ಇದು ಮೇಲು. ಆದರೆ ನೂರು ಪುಟದ ದಾಖಲೆ, ಹತ್ತು ಸಾಕ್ಷಿಗಳಿರುವ ಹಳೆಯ ದಾವೆಯನ್ನು ಕೈಗೆತ್ತಿಕೊಳ್ಳುವವರಿಗಿಂತ ಬೇಗ ಮುಗಿಯುವ ಚೆಕ್ ಬೌನ್ಸ್ ಪ್ರಕರಣಗಳನ್ನು ಮುಗಿಸಿದವರ ಲೆಕ್ಕ ಚೆನ್ನಾಗಿ ಕಾಣುವ ಅಪಾಯ ಇದರಲ್ಲಿದೆ. ಚೆಕ್ ಪ್ರಕರಣಗಳೋ, 2019ರ ಕೊನೆಯ ಹೊತ್ತಿಗೇ ದೇಶದಲ್ಲಿ 35 ಲಕ್ಷ ದಾಟಿದ್ದವು. ಸಾಲ ಕೊಟ್ಟವರ ವಸೂಲಿ ಕೆಲಸ ಕ್ರಿಮಿನಲ್ ನ್ಯಾಯಾಲಯದ ಬೆಳಗಿನ ಹೊತ್ತನ್ನೆಲ್ಲ ತಿನ್ನುತ್ತಿದೆ. ಇದಕ್ಕೆ ಬೇರೆಯದೇ ವ್ಯವಸ್ಥೆ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ರಾಜ್ಯದ ಸಿವಿಲ್ ನ್ಯಾಯಾಲಯಗಳ ಜೀವನಾಡಿ ಪಾಲು ದಾವೆ. ಅದರಲ್ಲೂ ಹೆಣ್ಣುಮಕ್ಕಳ ಪಾಲಿನ ದಾವೆ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದು, ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಹಕ್ಕನ್ನು ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕೇ ಎಂಬ ಪ್ರಶ್ನೆ ಎದ್ದಿತು. ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ದಾವೆಯೊಂದರಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಬದುಕಿರಬೇಕು ಎಂದಿತು. ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ 2018ರಲ್ಲಿ, ತಂದೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಪಾಲು ಕೊಟ್ಟಿತು. 2020ರ ಆಗಸ್ಟಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ತೀರಿಸಿ, ತಂದೆ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದ ಬರುವುದು ಎಂದಿತು.

ಈ ಐದು ವರ್ಷ ಹಿರಿಯ ಸಿವಿಲ್ ನ್ಯಾಯಾಧೀಶರ ಮೇಜಿನ ಮೇಲಿದ್ದ ದಾವೆಗಳ ಗತಿ ಏನಾಗಿರಬೇಕು ಎಂದು ಯೋಚಿಸಿ. ಒಂದು ತೀರ್ಪನ್ನು ನಂಬಿ ಅಕ್ಕತಂಗಿಯರ ದಾವೆ ವಜಾ ಮಾಡಿದರೆ ಇನ್ನೊಂದು ತೀರ್ಪು ಅದನ್ನು ತಪ್ಪೆನ್ನುತ್ತದೆ. ಮೇಲಿನ ಪೀಠಗಳು ಒಂದಕ್ಕೊಂದು ಒಪ್ಪದಿದ್ದಾಗ ಅದರ ಭಾರ ಹೊರುವುದು ಇವರು. ಇಷ್ಟಾಗಿಯೂ ಆ ಹೆಣ್ಣುಮಕ್ಕಳ ಹಕ್ಕು ಕಾಗದದಿಂದ ಹೊಲಕ್ಕೆ ಇಳಿದದ್ದು ನಮ್ಮ ಸಿವಿಲ್ ನ್ಯಾಯಾಲಯಗಳ ಮೂಲಕವೇ. ತವರಿನ ಮುಖ ತಪ್ಪೀತೆಂಬ ಹೆದರಿಕೆಯಲ್ಲಿ ಹಕ್ಕು ಬಿಟ್ಟುಕೊಡುತ್ತಿದ್ದ ಹೆಂಗಸರು ಇಂದು ವಾದಿಯಾಗಿ ನಿಂತಿದ್ದಾರೆ. ಇದನ್ನು ಕೇವಲ ಬಾಕಿ ಮೊಕದ್ದಮೆಗಳ ಹೆಚ್ಚಳ ಎಂದು ನೋಡುವವರ ಜೊತೆ ನಾನು ಒಪ್ಪಲಾರೆ.

ಗೆದ್ದ ಮೇಲೆ? ಪಾಲು ದಾವೆಯಲ್ಲಿ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ: ಇಂತಿಷ್ಟು ಪಾಲು ಎಂಬ ಘೋಷಣೆ. ಪಾಲನ್ನು ಗಡಿ ಹಾಕಿ ಬಿಡಿಸಲು ಅಂತಿಮ ಡಿಕ್ರಿ ಬೇಕು. ಅದಕ್ಕೆ ಮತ್ತೊಂದು ಅರ್ಜಿ, ಮತ್ತೊಂದು ನಂಬರು, ಮತ್ತೆ ಎಲ್ಲರಿಗೂ ನೋಟಿಸು, ಅಷ್ಟರಲ್ಲಿ ತೀರಿಕೊಂಡವರ ವಾರಸುದಾರರನ್ನು ಸೇರಿಸುವ ಕೆಲಸ. ಹೀಗೆ ಬೇರೆ ಅರ್ಜಿಗಾಗಿ ಕಾಯದೆ ವಿಚಾರಣಾ ನ್ಯಾಯಾಲಯವೇ ತಾನಾಗಿ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟು 2009ರಲ್ಲಿ ಸೂಚಿಸಿ 2022ರಲ್ಲಿ ನಿರ್ದೇಶಿಸಿತು. ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಡಿಕ್ರಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕು, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಸರ್ವೆಯರಿಗೆ. ನ್ಯಾಯಾಲಯದ ಕೈ ಅಲ್ಲಿಗೆ ತಲುಪುವುದು ಕಷ್ಟ.

ಉಳಿದ ಡಿಕ್ರಿಗಳನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. ಭಾರತದಲ್ಲಿ ದಾವೆಗಾರನ ಕಷ್ಟ ಶುರುವಾಗುವುದು ಡಿಕ್ರಿ ಕೈಗೆ ಬಂದ ಮೇಲೆ ಎಂಬರ್ಥದ ಮಾತನ್ನು ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಆಡಿತ್ತು. ಬೆಂಗಳೂರಿನ ಆಸ್ತಿ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಬೇಸತ್ತು, ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳೊಳಗೆ ಮುಗಿಸಬೇಕೆಂದು ದೇಶದ ಎಲ್ಲ ನ್ಯಾಯಾಲಯಗಳಿಗೂ ನಿರ್ದೇಶನ ಕೊಟ್ಟಿತು. 2025ರಲ್ಲಿ ಲೆಕ್ಕ ತರಿಸಿ ನೋಡಿದಾಗ ದೇಶದಲ್ಲಿ 8.8 ಲಕ್ಷಕ್ಕೂ ಹೆಚ್ಚು ಅಂಥ ಅರ್ಜಿಗಳು ಬಾಕಿ ಇದ್ದವು.

ಇಲ್ಲಿ ನ್ಯಾಯಾಧೀಶರಿಗಿಂತ ಮುಖ್ಯವಾಗುವ ವ್ಯಕ್ತಿಯೊಬ್ಬರಿದ್ದಾರೆ. ಕಾನೂನಿನ ಪುಸ್ತಕದಲ್ಲಿ ಬೇಲಿಫ್, ಊರಿನವರ ಬಾಯಲ್ಲಿ ಅಮೀನ. ಸಮನ್ಸ್ ಮುಟ್ಟಿಸಲು ಬಸ್ಸಿಲ್ಲದ ಹಳ್ಳಿಗೆ ಹೋಗುವವರು ಅವರು. ಸ್ವಾಧೀನದ ವಾರಂಟು ಹಿಡಿದು, ಬಾಗಿಲಲ್ಲಿ ಗುಂಪುಗೂಡಿದ ಮನೆಮಂದಿಯ ಎದುರು ನಿಲ್ಲುವವರೂ ಅವರೇ. ತಡೆದರು ಎಂದು ಅವರು ವರದಿ ಬರೆದರೆ ಪೊಲೀಸ್ ನೆರವಿಗೆ ಇನ್ನೊಂದು ಅರ್ಜಿ. ಮನೆಗೆ ಬೀಗವಿತ್ತು ಎಂದು ಬರೆದರೆ ಬೀಗ ಒಡೆಯಲು ಇನ್ನೊಂದು. ಅವರ ಹುದ್ದೆ ಖಾಲಿಯಿದ್ದರೆ ನ್ಯಾಯಾಧೀಶರು ಎಷ್ಟೇ ಒಳ್ಳೆಯ ತೀರ್ಪು ಬರೆದಿದ್ದರೂ ಅದು ಕಪಾಟಿನಲ್ಲಿರುತ್ತದೆ.

ಸಿವಿಲ್ ನ್ಯಾಯಾಧೀಶರಾಗಲು 3 ವರ್ಷದ ವಕೀಲಿ ಅನುಭವ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟು ಮತ್ತೆ ವಿಧಿಸಿದೆ. 2002ರಲ್ಲಿ ಕೈಬಿಟ್ಟಿದ್ದ ಷರತ್ತು ಅದು. ನಾನು ಅದನ್ನು ಸ್ವಾಗತಿಸುತ್ತೇನೆ. ಆ ಮೂರು ವರ್ಷದಲ್ಲಿ ಹುಡುಗ ಹುಡುಗಿಯರು ಹಿರಿಯರ ಹಿಂದೆ ಕಡತ ಹೊರುವುದರ ಜೊತೆಗೆ ಒಂದು ಅಮಲ್ಜಾರಿ ಅರ್ಜಿಯನ್ನಾದರೂ ಮೊದಲಿನಿಂದ ಕೊನೆಯವರೆಗೆ ನಡೆಸಿರಬೇಕು, ಒಂದು ಸಲವಾದರೂ ಅಮೀನರ ಜೊತೆ ಹಳ್ಳಿಗೆ ಹೋಗಿರಬೇಕು. ಹಾಗೆಯೇ ಬಜೆಟ್ ಬರೆಯುವವರಲ್ಲಿ ಒಂದು ಬೇಡಿಕೆ. 10 ಲಕ್ಷಕ್ಕೆ 50 ನ್ಯಾಯಾಧೀಶರು ಎಂಬ ಲೆಕ್ಕ ಹಾಕುವಾಗ, ಒಬ್ಬೊಬ್ಬ ನ್ಯಾಯಾಧೀಶರಿಗೂ ಬೇಕಾದ ಶೀಘ್ರಲಿಪಿಕಾರರು, ಬೆರಳಚ್ಚುಗಾರರು, ಶಿರಸ್ತೇದಾರರು, ಅಮೀನರು ಎಷ್ಟು ಎಂಬುದನ್ನೂ ಅದೇ ಸಾಲಿನಲ್ಲಿ ಬರೆದು, ಅದೇ ವರ್ಷ ಹಣ ಇಡಿ.